ಕಾನೂನಿನ ಮಾತು ಅಳತೆಗೋಲಿನಷ್ಟು ಖಚಿತವಾಗಿರಬೇಕೇ?

ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯ ಈಶ್ವರ ಈ ಮೂರೂ ದೇವಾಲಯಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದ ಮೇಲೆ, ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಮನೆ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು. ಮೀಟರು ಟೇಪಿಗೆ ಸಿಗುತ್ತದೆ, ದುರಸ್ತಿ ಸಿಗುವುದಿಲ್ಲ. ಹಾಗಾದರೆ ಕಾನೂನಿನ ಪ್ರತಿ ಮಾತಿಗೂ ಇಂಥದೇ ಅಳತೆ ಬೇಕೇ?

ಪರ: ಗೆರೆ ಇದ್ದರೆ ಯಾರನ್ನೂ ಕೇಳಬೇಕಿಲ್ಲ

ಬೇಲೂರಿನ ಹೆಂಚಿನ ಮನೆಯೊಂದರ ಮಣ್ಣಿನ ಗೋಡೆ ಮಳೆಗೆ ಕುಸಿಯಿತು ಎನ್ನಿ. ಅದನ್ನು ಅದೇ ಜಾಗದಲ್ಲಿ, ಅಷ್ಟೇ ಎತ್ತರಕ್ಕೆ ಎಬ್ಬಿಸಿದರೆ ಅದು ದುರಸ್ತಿಯೇ? ಹಿಂದಿದ್ದ ಅಳತೆಯಲ್ಲೇ ಮತ್ತೆ ಕಟ್ಟುವುದನ್ನು ಕಾಯ್ದೆ ‘ಮರುನಿರ್ಮಾಣ’ ಎನ್ನುತ್ತದೆ. ದುರಸ್ತಿಯಲ್ಲಿ ಮರುನಿರ್ಮಾಣ ಸೇರದು ಎಂದೂ ಹೇಳುತ್ತದೆ. ಒಂದು ಗೋಡೆ ಬಿದ್ದರೆ ದುರಸ್ತಿ, ನಾಲ್ಕೂ ಬಿದ್ದರೆ ಮರುನಿರ್ಮಾಣ, ಎರಡು ಬಿದ್ದರೆ? ಉತ್ತರ ಕಡತ ನೋಡುವವರ ಕೈಯಲ್ಲಿದೆ. ವಕೀಲರನ್ನು ಇಡಬಲ್ಲವನು ವಾದಿಸುತ್ತಾನೆ, ಇಡಲಾರದವನು ಟಾರ್ಪಾಲು ಹೊದಿಸಿ ಕೂರುತ್ತಾನೆ.

ಅರಸೀಕೆರೆ ಸೀಮೆಯ ಕೊಬ್ಬರಿಯ ಮಾತಿಗೆ ಬನ್ನಿ. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಗೆ ಹಚ್ಚುವುದೋ ಎಂಬ ಸುಂಕದ ವ್ಯಾಜ್ಯದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಎರಡು ತೀರ್ಪು ಕೊಟ್ಟರು. ಮೂವರ ಪೀಠ ಅದನ್ನು ಬಗೆಹರಿಸಿದ್ದು 2024ರ ಡಿಸೆಂಬರ್ 18ರಂದು. ನ್ಯಾಯಮೂರ್ತಿಗಳಿಗೇ ಒಮ್ಮತವಿಲ್ಲದ ಮಾತನ್ನು ಎಣ್ಣೆ ಮಾರುವವನು ಹೇಗೆ ಪಾಲಿಸಬೇಕು?

ವಿರೋಧ: ಗೆರೆ ಖಚಿತವಾಗಿದ್ದರೆ ಸಾಲದು, ಸರಿಯಾಗಿಯೂ ಇರಬೇಕು

ಅದೇ ಎಣ್ಣೆಗೆ ಗೆರೆ ಎಳೆದೂ ನೋಡಿದ್ದಾಯಿತು. 200 ಮಿಲಿಲೀಟರ್‌ವರೆಗಿನ ಪ್ಯಾಕೆಟ್ಟು ಕೇಶತೈಲ ಎಂದು ಸುಂಕ ಮಂಡಳಿ 2009ರಲ್ಲಿ ಸುತ್ತೋಲೆ ಹೊರಡಿಸಿತು. 2015ರಲ್ಲಿ ತಾನೇ ಹಿಂತೆಗೆದುಕೊಂಡಿತು. ಅಡುಗೆಗೂ ಜನ ಸಣ್ಣ ಪ್ಯಾಕೆಟ್ಟು ಕೊಳ್ಳುತ್ತಾರೆ. ಗಾತ್ರದಿಂದ ಗುಣ ತಿಳಿಯುವುದಿಲ್ಲ. ಕೊನೆಗೆ ಕೋರ್ಟು ನೋಡಿದ್ದು ಖಾದ್ಯತೈಲದ ಗುಣಮಟ್ಟವನ್ನು, ಲೇಬಲ್ಲಿನಲ್ಲಿ ಏನೆಂದು ಮಾರುತ್ತಿದ್ದಾರೆ ಎಂಬುದನ್ನು.

ಮನುಷ್ಯ ವಸ್ತುಗಳನ್ನು ವಿಂಗಡಿಸುವುದೂ ಹೀಗೆಯೇ. ಭಾಷಾವಿಜ್ಞಾನಿ ವಿಲಿಯಂ ಲಬೋವ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಪ್ಪಿನ ಚಿತ್ರಗಳನ್ನು ಅಗಲ ಮಾಡುತ್ತಾ ಹೋದರು. ಕಪ್ಪು ಮುಗಿದು ಬಟ್ಟಲು ಶುರುವಾಗುವ ಒಂದು ಖಚಿತ ಜಾಗ ಸಿಗಲಿಲ್ಲ. ಒಳಗಿರುವುದು ಕಾಫಿಯಲ್ಲ, ಊಟದ ಪದಾರ್ಥ ಎಂದಾಗ ಅದೇ ಚಿತ್ರವನ್ನು ಬಟ್ಟಲು ಎಂದವರು ಹೆಚ್ಚಾದರು. ನಡುವೆ ಸ್ಪಷ್ಟ, ಅಂಚಿನಲ್ಲಿ ಮಸುಕು: ಪದಗಳ ಸ್ವಭಾವವೇ ಅದು.

100 ಮೀಟರಿನ ಗೆರೆಗೂ ಊರು ಕಾಣುವುದಿಲ್ಲ. ಬೇಲೂರಿನಲ್ಲಿ ಪೂಜೆ ನಡೆಯುವ ಗುಡಿಯ ಮುಂದೆಯೇ ಪೇಟೆಯಿದೆ. ಹಳೇಬೀಡಿನ ಗುಡಿಯ ಪಕ್ಕ ದ್ವಾರಸಮುದ್ರದ ಕೆರೆ. ಎರಡಕ್ಕೂ ಒಂದೇ ಗೆರೆ. 99ನೇ ಮೀಟರಿನಲ್ಲಿರುವ ಮನೆ ಗೋಪುರವನ್ನು ಮರೆಮಾಡುತ್ತದೆ, 101ರಲ್ಲಿರುವುದು ಮಾಡುವುದಿಲ್ಲ ಎನ್ನಲು ಆಧಾರವೇನು?

ನಮ್ಮ ಮಾತು

ಎಣ್ಣೆಯ ಜಗಳದ ಬೇರು ವ್ಯಾಖ್ಯೆಗಿಂತ ದರದಲ್ಲಿತ್ತು. ಜಿಎಸ್‌ಟಿಯಲ್ಲಿ ಅಡುಗೆ ಎಣ್ಣೆಗೆ ಶೇ. 5, ಕೇಶತೈಲಕ್ಕೆ ಶೇ. 18. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ. 5 ಆಯಿತು, ಪಂಗಡದ ಹೆಸರಿಗಾಗಿ ಮುಂದೆ ಹೊಡೆದಾಡುವುದರಲ್ಲಿ ಲಾಭವೇ ಉಳಿಯಲಿಲ್ಲ. ಗೆರೆಯ ಆಚೆಗೂ ಈಚೆಗೂ ಫಲ ಅಜಗಜಾಂತರವಾದಾಗ ಮಾತ್ರ ಪದದ ಮಸುಕು ಬಡವನಿಗೆ ಮುಳುವಾಗುತ್ತದೆ.

ಬೇಲೂರು, ಹಳೇಬೀಡಿನಲ್ಲಿ ಆಗಬೇಕಾದ ಕೆಲಸವೂ ಇದೇ. 100 ಮೀಟರಿನ ಗೆರೆ ಇರಲಿ. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಗುಡಿಗಳಿಗೆ ಅದು ಕಾವಲು. ಆದರೆ ದುರಸ್ತಿಗೆ ಅನುಮತಿ, ಮರುನಿರ್ಮಾಣಕ್ಕೆ ನಿಷೇಧ ಎಂಬ ಕಂದರ ಕಿರಿದಾಗಬೇಕು. ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಉಪವಿಧಿ ರೂಪಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಬಿದ್ದ ಗೋಡೆ, ಸೋರುವ ಹೆಂಚು, ಮುರಿದ ಜಂತೆ ಇವಕ್ಕೆ ಏನು ಮಾಡಬಹುದು, ಏನು ಕೂಡದು ಎಂದು ಚಿತ್ರಸಹಿತ, ಕನ್ನಡದಲ್ಲಿ ಬರೆದು ಪುರಸಭೆ, ಪಂಚಾಯಿತಿಗಳ ಗೋಡೆಗೆ ಅಂಟಿಸಲಿ. ಅದರಲ್ಲೂ ಸಿಗದ ಪ್ರಕರಣಕ್ಕೆ ಅಧಿಕಾರಿ ಕಾರಣ ಬರೆದು ಉತ್ತರಿಸಲಿ.