ಇಂಜಿನ್ ಇಳಸೋದು ಅರ್ಧ ದಿನದ ಕೆಲಸಲ್ಲ

ಅಪ್ಪನ ಅಂಬಾಸಡರ್ ಗುಜರಿಗಿ ಹಾಕ್ರಿ ಅಂದವರೇ ಭಾಳ. 2014ರಾಗ ಅದರ ತಯಾರಿನೇ ನಿಂತದ, ಇನ್ಯಾಕ ಅಂತಾರ. ಅವ್ವಗ ಮನಸಿಲ್ಲ. ಅದಕ್ಕ ವಾಡಿ ಮನಿ ಅಂಗಳದಾಗ ಮೊದಲ ಸಲ ನಾನೇ ಇಂಜಿನ್ ಇಳಸ್ದೆ.

ಬೇವಿನ ಟೊಂಗಿಗಿ ಸರಪಳಿ ಹಾಕಿ ಎತ್ತು ಅಂದ್ರು ಒಬ್ರು. ನನ್ನ ಕೇಳಿದ್ರ ಬ್ಯಾಡ್ರಿ, ಕ್ವಿಂಟಲ್ ಮ್ಯಾಲಿನ ಕಬ್ಬಿಣ ಅದು! ಮೂರು ಕಾಲಿನ ಸ್ಟ್ಯಾಂಡು, ಚೈನ್ ಪುಲ್ಲಿ ಬಾಡಿಗಿ ತರ್ರಿ. ನೀರು, ಆಯಿಲ್ ಇಳಸಿ, ಬಾನೆಟ್ ಬಿಚ್ಚಿ, ಒಂದೊಂದು ವೈರಿಗೂ ಚೀಟಿ ಕಟ್ಟಿ, ಆಮ್ಯಾಲೆ ಎತ್ರಿ.

ಚೀಟಿ ಕಟ್ಟೀನಿ ಖರೇ, ನಟ್ಟು-ಬೋಲ್ಟು ಮಾತ್ರ ಒಂದೇ ಬುಟ್ಯಾಗ ಒಗದಿದ್ದೆ. ಆರಸ್ಲಾಕೇ ಎರಡು ದಿನ ಹೋತು. ಅವ್ವ ಬೈಕೋತನೇ ಅಡಗಿಮನಿ ಡಬ್ಬಿ ಖಾಲಿ ಮಾಡಿ ಕೊಟ್ಳು. ಈಗ ಇಂಜಿನ್ ಫರಸಿ ಮ್ಯಾಲ ಕುಂತದ, ಅದರ ಬೋಲ್ಟು ಜೀರಗಿ ಡಬ್ಬ್ಯಾಗ ಅವ.