ತ್ರಾಕಾಯ್‌ಗೆ ಹೊರಟವರು ಪನೇರಿಯಾಯ್‌ನಲ್ಲೂ ಇಳಿಯಲಿ

ಲಿಥುವೇನಿಯಾಕ್ಕೆ ಹೋಗಿ ಬಂದವರ ಆಲ್ಬಮ್ಮಿನಲ್ಲಿ ತ್ರಾಕಾಯ್ ಕೋಟೆ ಇದ್ದೇ ಇರುತ್ತದೆ. ನಮ್ಮದರಲ್ಲೂ ಇದೆ. ರಾಜಧಾನಿ ವಿಲ್ನಿಯಸ್‌ನಿಂದ ಸುಮಾರು 28 ಕಿ.ಮೀ. ದೂರ, ಗಾಲ್ವೆ ಸರೋವರದ ನಡುವೆ ಕೆಂಪು ಇಟ್ಟಿಗೆಯ ಕೋಟೆ. ಚೆಂದವೋ ಚೆಂದ! ಪಾಳುಬಿದ್ದಿದ್ದ ಅದನ್ನು 20ನೇ ಶತಮಾನದಲ್ಲಿ ಮುತುವರ್ಜಿಯಿಂದ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಒಳ್ಳೆಯದೇ.

ಆದರೆ ಅದೇ ರೈಲು ದಾರಿಯಲ್ಲಿ ಪನೇರಿಯಾಯ್ ಅಂತ ಒಂದು ಸ್ಟೇಷನ್ ಬರುತ್ತದೆ ನೋಡಿ. ಅಲ್ಲಿನ ಕಾಡಿನಲ್ಲಿ ಸೋವಿಯತ್‌ನವರು ಇಂಧನದ ಟ್ಯಾಂಕುಗಳಿಗೆಂದು ತೋಡಿ, ಅರ್ಧಕ್ಕೇ ಬಿಟ್ಟುಹೋದ ದೊಡ್ಡ ಹೊಂಡಗಳಿದ್ದವು. 1941ರಿಂದ 1944ರವರೆಗೆ ನಾಜಿಗಳೂ ಅವರ ಸ್ಥಳೀಯ ಸಹಾಯಕರೂ ಅಲ್ಲಿ ಸುಮಾರು 70,000 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಪೋಲಿಷ್ ಜನರನ್ನು, ಸೋವಿಯತ್ ಯುದ್ಧಕೈದಿಗಳನ್ನೂ ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಸೋವಿಯತ್ ಸರ್ಕಾರ ನಿಲ್ಲಿಸಿದ ಸ್ಮಾರಕ, ಸತ್ತವರು ಯಹೂದಿಗಳು ಎಂಬುದನ್ನೇ ಹೇಳಲಿಲ್ಲ. ಅದನ್ನು ಹೇಳುವ ಕಲ್ಲು ನಿಂತದ್ದು 1991ರಲ್ಲಿ.

ಗೋಡೆ ಬಿದ್ದರೆ ಇಟ್ಟಿಗೆ ತಂದು ಕಟ್ಟಬಹುದು. ಸತ್ತವರು ಯಾರೆಂಬುದನ್ನೇ ಅಳಿಸಿದರೆ ಅವರನ್ನು ಎರಡನೇ ಸಲ ಕೊಂದ ಹಾಗೆ. ಕೋಟೆ ಖಂಡಿತ ನೋಡಿ. ಆದರೆ ಈ ಹೊಂಡಗಳ ಮುಂದೆಯೂ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ರಾಜರ ವೈಭವ ಮಾತ್ರ ಇತಿಹಾಸವೇ? ನೀವೇ ಹೇಳಿ.