ಅಪ್ಪನ ಎರಡು ಕಣ್ಣು, ಎರಡು ಆಸ್ಪತ್ರೆ

ಕಳೆದ ವರ್ಷ ಅಪ್ಪನ ಬಲಗಣ್ಣಿಗೆ ಮೋತಿಬಿಂದು ಆಪರೇಷನ್ ಆಯಿತು. ಅಪ್ಪ ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ನಮ್ಮದು ಬೈಲಹೊಂಗಲದ ಕಡೆಯ ಊರು. ಅವ್ವ ತೀರಿಕೊಂಡ ಮೇಲೆ ಅವರು ಪುಣೆಯಲ್ಲಿ ನನ್ನ ಜೊತೆಗೇ ಇದ್ದಾರೆ. ಕೈಯಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆಯ, ಅಂದರೆ ಇಸಿಎಚ್‌ಎಸ್‌ನ ಕಾರ್ಡ್ ಇದೆ. ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಚೀಟಿ ಪಡೆದು ಪಟ್ಟಿಯಲ್ಲಿದ್ದ ಒಂದು ಖಾಸಗಿ ಕಣ್ಣಾಸ್ಪತ್ರೆಗೆ ಹೋದೆವು.

ಆಪರೇಷನ್ ದಿನ ಬೆಳಿಗ್ಗೆ ಸರ್ಜನ್ ಬಂದು, ‘ಬಾಬಾ, ಮೂತ್ರದ ತೊಂದರೆಗೆ ಏನಾದರೂ ಮಾತ್ರೆ ತಗೊಳ್ತೀರಾ?’ ಎಂದು ಕೇಳಿದರು. ಅಪ್ಪ ಹೌದು ಎಂದರು. ಪ್ರಾಸ್ಟೇಟ್ ತೊಂದರೆಗೆ ನಾಲ್ಕು ವರ್ಷದಿಂದ ಟ್ಯಾಮ್ಸುಲೋಸಿನ್ ನಡೆದಿತ್ತು. ಆ ಮಾತ್ರೆ ಕೊಡುತ್ತಿದ್ದದ್ದು ಅದೇ ಪಾಲಿಕ್ಲಿನಿಕ್. ಆದರೆ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಬಲಗಣ್ಣು, ಪೊರೆ. ಅಪ್ಪನ ಆಪರೇಷನ್ನನ್ನು ಆ ದಿನದ ಪಟ್ಟಿಯಲ್ಲಿ ಕೊನೆಗೆ ಹಾಕಿ, ಬೇಕಾದ ಸಾಮಗ್ರಿ ತರಿಸಿಕೊಂಡು, ಸರ್ಜನ್ ಯಶಸ್ವಿಯಾಗಿ ಮುಗಿಸಿದರು.

ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಎಂದು ನಿಮ್ಮಂತೆ ನನಗೂ ಅನಿಸಿತು. ಈ ಔಷಧ ಐರಿಸ್‌ನ ಸ್ನಾಯುವನ್ನೂ ಸಡಿಲಗೊಳಿಸುತ್ತದೆ. ಆಪರೇಷನ್ ವೇಳೆ ಪಾಪೆ ಸರಿಯಾಗಿ ಹಿಗ್ಗುವುದಿಲ್ಲ, ಐರಿಸ್ ಜೋಲಾಡುತ್ತದೆ. ಅಮೆರಿಕದ ಡೇವಿಡ್ ಚಾಂಗ್ ಮತ್ತು ಜಾನ್ ಕ್ಯಾಂಬೆಲ್ ಎಂಬ ವೈದ್ಯರು 2005ರಲ್ಲಿ ಇದನ್ನು ಮೊದಲು ವಿವರಿಸಿದರು. ಮೊದಲೇ ಗೊತ್ತಿದ್ದರೆ ಸರ್ಜನ್ ಚಿಕ್ಕ ಕೊಕ್ಕೆಗಳಿಂದ ಪಾಪೆಯನ್ನು ಹಿಡಿದು ಸುರಕ್ಷಿತವಾಗಿ ಕೆಲಸ ಮುಗಿಸಬಹುದು. ಗೊತ್ತಿಲ್ಲದೆ ಶುರು ಮಾಡಿದರೆ ಅಪಾಯ ಹೆಚ್ಚು. ಮಾಜಿ ಸೈನಿಕರಲ್ಲಿ ಬಹುಪಾಲು ವಯಸ್ಸಾದ ಗಂಡಸರು. ಹಾಗಾಗಿ ಅವರ ಕಣ್ಣಿನ ವಿಭಾಗ ನೋಡಿಕೊಳ್ಳುವ ಯಾರಿಗೇ ಆದರೂ ಇದು ದಿನನಿತ್ಯದ ಪ್ರಶ್ನೆ.

ಆರು ತಿಂಗಳ ನಂತರ ಎಡಗಣ್ಣಿನ ಸರದಿ ಬಂತು. ಅಷ್ಟರಲ್ಲಿ ಆ ಆಸ್ಪತ್ರೆ, ಬಿಲ್ ಬಾಕಿ ಉಳಿದಿದೆ ಎಂದು ಇಸಿಎಚ್‌ಎಸ್ ಕಾರ್ಡಿಗೆ ನಗದುರಹಿತ ಚಿಕಿತ್ಸೆ ನಿಲ್ಲಿಸಿತ್ತು. ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿನವರು ಬಲಗಣ್ಣಿಗೆ ಹಾಕಿದ ಲೆನ್ಸ್‌ನ ಪವರ್ ಎಷ್ಟು, ಆಪರೇಷನ್ ವೇಳೆ ಏನಾದರೂ ತೊಂದರೆಯಾಗಿತ್ತೇ ಎಂದು ಕೇಳಿದರು. ಆ ವಿವರ ತರಲು ನಾನು ರಜೆ ಹಾಕಿ ಹಳೆಯ ಆಸ್ಪತ್ರೆಯ ಕೌಂಟರ್ ಮುಂದೆ ಅರ್ಧ ದಿನ ನಿಂತೆ. ಸಂಜೆ ಅಪ್ಪ, ‘ತಮ್ಮಾ, ಒಂದ್ ಕಣ್ಣು ಆ ದವಾಖಾನ್ಯಾಗ, ಇನ್ನೊಂದ್ ಕಣ್ಣು ಈ ದವಾಖಾನ್ಯಾಗ. ಎರಡೂ ನನ್ನವ ಅಂತ ಯಾರಿಗರೆ ಗೊತ್ತೈತೇನು?’ ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಮುಖ್ಯಸ್ಥರ ಕುರ್ಚಿ

ನಾನು ಆಸ್ಪತ್ರೆ ದಾಖಲೆಗಳ ಸಾಫ್ಟ್‌ವೇರ್ ಬರೆಯುವವನು. ಆ ಕೆಲಸದ ನೆಪದಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆ ‘ವಿಎ’ ಬಗ್ಗೆ ಸಾಕಷ್ಟು ಓದಿದ್ದೇನೆ. ಅಲ್ಲಿ ಸರ್ಕಾರವೇ ನೇರವಾಗಿ ನಡೆಸುವ 170ರಷ್ಟು ದೊಡ್ಡ ಆಸ್ಪತ್ರೆಗಳಿವೆ, ನೋಂದಾಯಿತ ಮಾಜಿ ಸೈನಿಕರು ಸುಮಾರು 90 ಲಕ್ಷ. ಅಂಥ ಆಸ್ಪತ್ರೆಯ ಕಣ್ಣಿನ ವಿಭಾಗದ ಮುಖ್ಯಸ್ಥರು ತಾವೂ ಆಪರೇಷನ್ ಮಾಡುತ್ತಾರೆ. ಆದರೆ ಅವರ ಕೆಲಸದ ದೊಡ್ಡ ಪಾಲು ಆಪರೇಷನ್ ಥಿಯೇಟರಿನ ಹೊರಗಿದೆ. ಯಾರಿಗೆ ಮೊದಲು ದಿನ ಕೊಡಬೇಕು, ಥಿಯೇಟರ್ ವಾರಕ್ಕೆ ಎಷ್ಟು ದಿನ ಸಿಗುತ್ತದೆ, ಮಧುಮೇಹಿಗಳ ರೆಟಿನಾ ತಪಾಸಣೆ ಬಾಕಿ ಎಷ್ಟಿದೆ, ಇವೆಲ್ಲ ಅವರ ತಲೆನೋವು. 1946ರಿಂದಲೂ ವಿಎ ಆಸ್ಪತ್ರೆಗಳಿಗೆ ವೈದ್ಯಕೀಯ ಕಾಲೇಜುಗಳ ನಂಟಿದೆ. ಹಾಗಾಗಿ ಅನೇಕ ಕಡೆ ಕತ್ತರಿ ಹಿಡಿಯುವವರು ಕಲಿಯುತ್ತಿರುವ ಯುವ ವೈದ್ಯರು. ಅವರ ಬೆನ್ನ ಹಿಂದೆ ನಿಂತು ಹೊಣೆ ಹೊರುವವರೂ ಹಿರಿಯರೇ.

ಹೊಣೆ ಎಂದರೆ ಬರೀ ಮಾತಲ್ಲ, ಲೆಕ್ಕ. ವಿಎ ಆಸ್ಪತ್ರೆಗಳಲ್ಲಿ ಸಾವು ಹೆಚ್ಚು ಎಂಬ ಟೀಕೆ ಎದ್ದಾಗ, ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು ರೋಗಿಯ ವಯಸ್ಸು, ಕಾಯಿಲೆಗಳಿಗೆ ತಕ್ಕಂತೆ ಹೊಂದಿಸಿ ವರದಿ ಮಾಡಬೇಕೆಂದು ಅಮೆರಿಕ ಸಂಸತ್ತು 1985ರಲ್ಲಿ ಕಾನೂನು ಮಾಡಿತು. ಅದರಿಂದ 1994ರಲ್ಲಿ ಹುಟ್ಟಿದ ಗುಣಮಟ್ಟ ಕಾರ್ಯಕ್ರಮದ ಮೊದಲ ದಶಕದಲ್ಲಿ, ದೊಡ್ಡ ಶಸ್ತ್ರಚಿಕಿತ್ಸೆಗಳ ನಂತರ 30 ದಿನದೊಳಗಿನ ಸಾವು ಶೇ 27ರಷ್ಟು ಕಡಿಮೆಯಾಯಿತು. ಮುಂದೆ ಐದು ವಿಎ ಆಸ್ಪತ್ರೆಗಳು ಪೊರೆ ಶಸ್ತ್ರಚಿಕಿತ್ಸೆಗೂ ಇಂಥದೇ ಪ್ರಯೋಗ ನಡೆಸಿದವು.

ಅಲ್ಲೂ ಸೋರಿಕೆ

ಹಾಗೆಂದು ಅಮೆರಿಕವನ್ನು ಹೊಗಳಲು ಹೊರಟಿಲ್ಲ. 2018ರ ಮಿಷನ್ ಕಾಯ್ದೆಯ ನಿಯಮ ಹೀಗಿದೆ: ತಜ್ಞ ವೈದ್ಯರನ್ನು ಕಾಣಲು ವಿಎ ಆಸ್ಪತ್ರೆಗೆ ಸರಾಸರಿ ಒಂದು ಗಂಟೆಗಿಂತ ಹೆಚ್ಚು ಕಾರಿನಲ್ಲಿ ಹೋಗಬೇಕಾದರೆ, ಅಥವಾ 28 ದಿನಕ್ಕಿಂತ ಹೆಚ್ಚು ಕಾಯಬೇಕಾದರೆ, ಮಾಜಿ ಸೈನಿಕ ಸರ್ಕಾರದ ಖರ್ಚಿನಲ್ಲಿ ಖಾಸಗಿ ವೈದ್ಯರಲ್ಲಿಗೆ ಹೋಗಬಹುದು. ರೋಗಿಗೆ ಇದು ಒಳ್ಳೆಯದೇ. ಆದರೆ ಹೊರಗೆ ಹೋದ ರೋಗಿಯ ಕಣ್ಣು ಏನಾಯಿತು ಎಂಬ ಲೆಕ್ಕ ವಿಭಾಗದ ಮುಖ್ಯಸ್ಥರ ಕೈ ತಪ್ಪುತ್ತದೆ. 2025ರಲ್ಲಿ ವಿಎ ತನ್ನ ಸಿಬ್ಬಂದಿಯನ್ನು ಸುಮಾರು 30 ಸಾವಿರದಷ್ಟು ಇಳಿಸುವುದಾಗಿ ಹೇಳಿತು. ಒಳಗಿನ ಕೈಗಳು ಕಡಿಮೆಯಾದರೆ ಸರತಿ ಉದ್ದವಾಗುತ್ತದೆ. ಸರತಿ ಉದ್ದವಾದರೆ ಹೊರಗೆ ಹೋಗುವವರು ಹೆಚ್ಚುತ್ತಾರೆ. ಎಂಟೆಕ್‌ನಲ್ಲಿ ಕ್ಯೂಯಿಂಗ್ ಥಿಯರಿ ಓದಿದವನಿಗೆ ಈ ಚಕ್ರ ಹೊಸದಲ್ಲ.

ನನ್ನ ವೃತ್ತಿಯವರು ತಲೆ ತಗ್ಗಿಸಬೇಕಾದ ಕಥೆಯೂ ಅಲ್ಲಿದೆ. ವಿಎ ತನ್ನ ಹಳೆಯ ‘ವಿಸ್ಟಾ’ ಬದಲು ಹೊಸ ಸಾಫ್ಟ್‌ವೇರ್ ಅನ್ನು 2020ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಆಸ್ಪತ್ರೆಯಲ್ಲಿ ಮೊದಲು ಶುರು ಮಾಡಿತು. ವೈದ್ಯರು ಬರೆದ 11 ಸಾವಿರಕ್ಕೂ ಹೆಚ್ಚು ಸೂಚನೆಗಳು ತಲುಪಬೇಕಾದಲ್ಲಿಗೆ ತಲುಪದೆ, ಯಾರೂ ನೋಡದ ಒಂದು ಸರತಿಗೆ ಹೋಗಿ ಬಿದ್ದವು. ಇದರಿಂದ ರೋಗಿಗಳಿಗೆ ತೊಂದರೆಯಾದ 149 ಪ್ರಸಂಗಗಳನ್ನು ತನಿಖಾ ವರದಿ 2022ರಲ್ಲಿ ಪಟ್ಟಿ ಮಾಡಿತು. ಬರೆದ ವೈದ್ಯರಿಗೆ ತಪ್ಪಿನ ಸಂದೇಶವೂ ಬಂದಿರಲಿಲ್ಲ. ಅಪ್ಪನ ಚೀಟಿಯಲ್ಲಿ ಬಿಟ್ಟುಹೋದ ಮಾತ್ರೆಯೂ ಇಂಥದೇ. ವ್ಯತ್ಯಾಸ ಇಷ್ಟೇ: ಅಲ್ಲಿ ತಪ್ಪಿದ್ದನ್ನು ಎಣಿಸಿದರು.

ನಮ್ಮಲ್ಲಿ ಯಾರು ಕೇಳುತ್ತಾರೆ?

ನಮ್ಮ ಮಿಲಿಟರಿ ಆಸ್ಪತ್ರೆಗಳಲ್ಲಿ ಒಳ್ಳೆಯ ಕಣ್ಣಿನ ವಿಭಾಗಗಳಿವೆ. ಆದರೆ ಅಲ್ಲಿ ಮೊದಲ ಆದ್ಯತೆ ಸೇವೆಯಲ್ಲಿರುವ ಸೈನಿಕರಿಗೆ, ಅದು ಸರಿಯೂ ಹೌದು. ನಿವೃತ್ತರಿಗೆಂದೇ 2003ರ ಏಪ್ರಿಲ್ 1ರಂದು ಇಸಿಎಚ್‌ಎಸ್ ಶುರುವಾಯಿತು. ಈಗ 400ಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ, ಕುಟುಂಬದವರೂ ಸೇರಿ ಅರ್ಧ ಕೋಟಿಗೂ ಹೆಚ್ಚು ಜನ ಇದನ್ನು ನೆಚ್ಚಿಕೊಂಡಿದ್ದಾರೆ. ಪಾಲಿಕ್ಲಿನಿಕ್‌ನಲ್ಲಿ ಔಷಧ ಸಿಗುತ್ತದೆ, ಆಪರೇಷನ್ ಆಗುವುದಿಲ್ಲ. ಅಲ್ಲಿನ ವೈದ್ಯರು ಗುತ್ತಿಗೆಯ ಮೇಲೆ ಇರುವವರು. ಆಪರೇಷನ್ ನಡೆಯುವುದು ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯಲ್ಲಿ.

ಖಾಸಗಿ ಸರ್ಜನ್‌ಗಳ ಕೌಶಲದ ಬಗ್ಗೆ ನನ್ನ ದೂರಿಲ್ಲ. ಅಪ್ಪನ ಕಣ್ಣು ಉಳಿಸಿದ್ದು ಅವರೊಬ್ಬರು ಕೇಳಿದ ಒಂದು ಪ್ರಶ್ನೆ. ನನ್ನ ದೂರು ವ್ಯವಸ್ಥೆಯ ಮೇಲೆ. ಬಿಲ್ ಪರಿಶೀಲಿಸಲು ಇಲ್ಲಿ ಹಲವು ಹಂತಗಳಿವೆ. ಕಣ್ಣು ಸರಿಯಾಯಿತೇ ಎಂದು ಅಪ್ಪನನ್ನು ಒಂದು ಸಲವೂ ಯಾರೂ ಕೇಳಲಿಲ್ಲ. 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಸಿಜಿಎಚ್‌ಎಸ್ ದರಗಳನ್ನು ಪರಿಷ್ಕರಿಸಿತು. ಇಸಿಎಚ್‌ಎಸ್ ದರಗಳು ನಡೆಯುವುದೂ ಅದರ ಜಾಡಿನಲ್ಲೇ. ಆಸ್ಪತ್ರೆಗಳು ಪಟ್ಟಿಯಲ್ಲಿ ಉಳಿಯಲು ಇದು ನೆರವಾಗಬಹುದು. ಆದರೆ ದರ ಏರಿದ ಮಾತ್ರಕ್ಕೆ ಹೊಣೆ ಯಾರದು ಎಂಬುದು ತೀರ್ಮಾನವಾಗುವುದಿಲ್ಲ.

ಹೊಸ ಆಸ್ಪತ್ರೆಗಳನ್ನೇ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಪ್ರತಿ ಪ್ರಾದೇಶಿಕ ಕೇಂದ್ರಕ್ಕೆ ಒಬ್ಬ ನೇತ್ರತಜ್ಞರನ್ನು ಮುಖ್ಯಸ್ಥರೆಂದು ನೇಮಿಸಲಿ. ತಮ್ಮ ಪ್ರದೇಶದಿಂದ ಹೊರಗೆ ಹೋದ ಪ್ರತಿ ಕಣ್ಣಿನ ದಾಖಲೆ ಅವರ ಮುಂದೆ ಬರಲಿ: ಕಾದ ದಿನಗಳು, ಹಾಕಿದ ಲೆನ್ಸ್, ಒಂದು ತಿಂಗಳ ನಂತರದ ದೃಷ್ಟಿ. ರೆಫರಲ್ ಚೀಟಿಯ ಜೊತೆ ಔಷಧಗಳ ಪಟ್ಟಿ ತಾನಾಗಿಯೇ ಮುದ್ರಣವಾಗಲಿ. ಪಾಲಿಕ್ಲಿನಿಕ್‌ನ ಕಂಪ್ಯೂಟರಿನಲ್ಲಿ ಆ ಪಟ್ಟಿ ಇದ್ದರೆ ಚೀಟಿಗೆ ಸೇರಿಸುವುದು ನಮ್ಮ ವೃತ್ತಿಯಲ್ಲಿ ದೊಡ್ಡ ಕೆಲಸವೇ ಅಲ್ಲ. ವಿಎ 2015ರಲ್ಲಿ ಅಟ್ಲಾಂಟಾದಲ್ಲಿ ಶುರು ಮಾಡಿದ ಇನ್ನೊಂದು ಪದ್ಧತಿಯೂ ನಮಗೆ ಹೊಂದುತ್ತದೆ. ಚಿಕ್ಕ ಕ್ಲಿನಿಕ್ಕಿನಲ್ಲಿ ತಂತ್ರಜ್ಞರು ಕಣ್ಣು ಪರೀಕ್ಷಿಸಿ ಚಿತ್ರ ತೆಗೆಯುತ್ತಾರೆ, ದೂರದ ಆಸ್ಪತ್ರೆಯ ತಜ್ಞರು ಅದನ್ನು ನೋಡಿ ವರದಿ ಕೊಡುತ್ತಾರೆ. ಬೈಲಹೊಂಗಲದ ಕಡೆಯ ನಿವೃತ್ತ ಯೋಧನಿಗೆ ಪ್ರತಿ ತಪಾಸಣೆಗೂ ಬಸ್ ಹತ್ತುವುದು ತಪ್ಪುತ್ತದೆ.

ವ್ಯವಸ್ಥೆ ಬದಲಾಗುವ ತನಕ ನಾವು, ಊರಿಂದ ದೂರ ಇರುವ ಮಕ್ಕಳು, ಮಾಡಬಹುದಾದದ್ದು ಸ್ವಲ್ಪ ಇದೆ. ತಂದೆ-ತಾಯಿ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ಕಣ್ಣಿನ ಸರ್ಜನ್‌ಗೆ ಅದನ್ನು ಮೊದಲ ಭೇಟಿಯಲ್ಲೇ ತೋರಿಸಿ. ಪ್ರಾಸ್ಟೇಟ್ ಮಾತ್ರೆಯನ್ನು, ಹಿಂದೆ ತೆಗೆದುಕೊಂಡು ಬಿಟ್ಟಿದ್ದರೂ, ಬಾಯಿಬಿಟ್ಟು ಹೇಳಿ. ಹಾಗೆಂದು ನೀವೇ ಅದನ್ನು ನಿಲ್ಲಿಸಬೇಡಿ. ಆಪರೇಷನ್ ಮುಗಿದ ಮೇಲೆ ಲೆನ್ಸ್‌ನ ಸ್ಟಿಕರ್ ಇರುವ ಕಾರ್ಡನ್ನು ಕೇಳಿ ಪಡೆದು ಫೋಟೊ ತೆಗೆದಿಡಿ.

ಅಪ್ಪನಿಗೆ ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ, ಪೇಪರ್ ಓದುತ್ತಾರೆ. ಎರಡು ಲೆನ್ಸ್ ಕಾರ್ಡುಗಳನ್ನೂ ಡಿಸ್ಚಾರ್ಜ್ ಬುಕ್‌ನೊಳಗೆ ಜೋಡಿಸಿಟ್ಟಿದ್ದಾರೆ. ಸದ್ಯಕ್ಕೆ ಅವರ ಎರಡು ಕಣ್ಣಿನ ವಿವರ ಒಟ್ಟಿಗೆ ಇರುವುದು ಅಲ್ಲಿ ಮಾತ್ರ.